ಎದುರು ಕುರ್ಚಿ ಬ್ಯಾಡ, ಬಾಜೂಕ ಕುಂದ್ರಿ

ನಮ್ಮ ಕಡೆ ಧಾರವಾಡದ ಹೆಸರು ಬಾಯಿಗೆ ಬರುವುದು ಎರಡೇ ಹೊತ್ತಿನಲ್ಲಿ. ಒಂದು, ಯಾರಾದರೂ ಪೇಡೆ ತಂದಾಗ. ಇನ್ನೊಂದು, ಯಾರಾದರೂ ಹಳಿ ತಪ್ಪಿ ಮಾತಾಡಿದಾಗ. ‘ಇವನ್ನ ಧಾರವಾಡಕ್ಕ ಕಳಸಬೇಕಾತ ನೋಡು’ ಎಂದು ಒಬ್ಬ ಅಂದರೆ ಸಾಕು, ಕಟ್ಟೆಯ ಮೇಲಿದ್ದವರೆಲ್ಲ ನಗುತ್ತಾರೆ. ಬೇಂದ್ರೆಯವರಿದ್ದ ಊರು, ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಊರು, ವಿಶ್ವವಿದ್ಯಾಲಯದ ಊರು. ಅಷ್ಟೆಲ್ಲ ಇದ್ದೂ ಮಹಾರಾಷ್ಟ್ರದ ಗಡಿಯೊಳಗಿರುವ ನಮ್ಮ ಜತ್ತ ತಾಲೂಕಿನ ಉಟಗಿಯಂಥ ಹಳ್ಳಿಯ ಬಾಯಲ್ಲಿ ಉಳಿದದ್ದು ಮನೋರೋಗದ ಆಸ್ಪತ್ರೆ ಒಂದೇ, ಸೋಜಿಗ ಅಲ್ವಾ? 1845ರಲ್ಲಿ ಶುರುವಾದ ಆಸ್ಪತ್ರೆ ಅದು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ನಮ್ಮ ಜತ್ತ ಡಫಳೆಯವರ ಸಂಸ್ಥಾನ. ಈಗಿನ ಜಾಗದಲ್ಲಿ ಈಗಿನ ಗಡಿ ಇರಲೇ ಇಲ್ಲ. ಇವತ್ತು ಅದು ಡಿಮ್ಹಾನ್ಸ್ ಆಗಿದೆ, ಬೆಳಿಗ್ಗೆ ಹೋಗಿ ಡಾಕ್ಟರಿಗೆ ತೋರಿಸಿ, ಗುಳಿಗೆ ತೆಗೆದುಕೊಂಡು ಸಂಜೆ ಮನೆಗೆ ಬರುವವರೇ ಜಾಸ್ತಿ. ಮಾತು ಮಾತ್ರ ಹಳೆಯದೇ ಉಳಿದಿದೆ. ಆ ಒಂದು ನಗೆಮಾತಿಗೆ ಅಂಜಿ ‘ನನಗ ನಿದ್ದಿ ಹತ್ತವಲ್ದು’ ಅಂತ ಬಾಯಿ ಬಿಡದೆ ಉಳಿದ ಗಂಡಸರು ಎಷ್ಟು ಜನವೋ.

ಗಂಡಸರು ಅಂತ ಬೇಕಂತಲೇ ಅಂದೆ. ಬೆಂಗಳೂರು, ಪುಣೆ, ಮುಂಬೈ ಕಡೆ ಈಗ ಗಂಡಸರಿಗಾಗಿಯೇ ಬೇರೆ ಆಪ್ತಸಮಾಲೋಚನೆ ನಡೆಯುತ್ತದೆ. ಗಂಡಸು ಹೇಗೆ ಮಾತಾಡುತ್ತಾನೆ, ಎಲ್ಲಿ ಬಾಯಿ ಮುಚ್ಚುತ್ತಾನೆ, ಯಾವಾಗ ಸಿಡಿಯುತ್ತಾನೆ ಅನ್ನುವುದನ್ನು ಅರಿತು ಕೊಡುವ ಸಲಹೆ, ಚಿಕಿತ್ಸೆ. ಈ ಸುದ್ದಿಯನ್ನು ಬೇಲಿಯಾಚೆಯ ವೈನಿಯವರಿಗೆ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟು, ‘ಗಂಡಸರಿಗ್ಯಾಕ್ರಿ ಬ್ಯಾರೆ? ಊರ ಕಟ್ಟಿ ಅವರದು, ಚಾದ ಅಂಗಡಿ ಅವರದು, ಮುಂಜಾನಿಂದ ಸಂಜೀತನಕ ಮಾತಾಡೂದೂ ಅವರದ. ಕುಂತು ಮಾತಾಡಾಕ ಜಾಗಾ ಇಲ್ಲದವ್ರು ನಾವು!’ ಅಂದರು.

ಖರೆ ಮಾತು. ತೆಗೆದುಹಾಕುವಂತಿಲ್ಲ. ಆದರೂ ಒಂದು ಕೇಳಿದೆ: ‘ವೈನಿ, ಆ ಕಟ್ಟಿ ಮ್ಯಾಲ ಏನ್ ಮಾತಾಡ್ತಾರ ಅಂತ ಯಾವತ್ತರ ಕೇಳೀರೇನು?’

ಅಲ್ಲಿ ಮ್ಹೈಸಾಳ ಏತ ನೀರಾವರಿಯ ನೀರು ಯಾವ ಕೆರೆಗೆ ಬಂತು, ಯಾವುದಕ್ಕೆ ಬರಲಿಲ್ಲ ಅನ್ನುವ ಲೆಕ್ಕ ನಡೆಯುತ್ತದೆ. ಕರ್ನಾಟಕದ ತುಬಚಿ-ಬಬಲೇಶ್ವರ ನೀರಾವರಿಯ ಮಾತು ಬರುತ್ತದೆ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಜತ್ತ ತಾಲೂಕಿನ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತೆತ್ತಿದ್ದರಲ್ಲ, ಅದು ನಮ್ಮ ಕಟ್ಟೆಗಳ ಮೇಲೆ ತಿಂಗಳುಗಟ್ಟಲೆ ನಡೆಯಿತು. ಕರ್ನಾಟಕಕ್ಕೆ ಹೋಗಬೇಕೋ ಬೇಡವೋ, ಹೋದರೆ ರೇಷನ್ ಕಾರ್ಡು ಏನಾಗುತ್ತದೆ ಅಂತ ಚಾ ಮೇಲೆ ಚಾ. ಬೇದಾಣೆ, ಅಂದರೆ ಒಣದ್ರಾಕ್ಷಿಯ ದರ, ದಾಳಿಂಬೆಗೆ ಬಿದ್ದ ತೇಲ್ಯಾ ರೋಗ, ಯಾರದೋ ಬೋರ್ ಫೇಲಾದದ್ದು, ಮಾಡಗ್ಯಾಳ ಜಾತಿಯ ಟಗರು ಎಷ್ಟಕ್ಕೆ ಹೋಯಿತು ಅನ್ನುವುದು. ಊರಿನ, ನಾಡಿನ, ಎರಡು ರಾಜ್ಯಗಳ ಮಾತೆಲ್ಲ ಬರುತ್ತದೆ. ಯಾರದೋ ಬೋರ್ ಫೇಲಾಯಿತು ಅಂತ ಹೇಳುವವನ ಸ್ವಂತ ಬೋರೂ ಫೇಲಾಗಿರುತ್ತದೆ, ಅದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೂ ಅಡಿ ಎಷ್ಟು ಹೋಯಿತು, ಕೇಸಿಂಗ್ ಎಷ್ಟು ಬಿತ್ತು ಅನ್ನುತ್ತಾನೆಯೇ ಹೊರತು, ‘ಅವತ್ತ ರಾತ್ರಿ ನನಗ ಅಳು ಬಂತು’ ಅಂತ ಅನ್ನುವವನು ಯಾರು?

ವೈನಿಯವರಿಗೆ ಒಂದು ಲೆಕ್ಕ ಹೇಳಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡವರು 1,70,924 ಮಂದಿ. ಅದರಲ್ಲಿ ಗಂಡಸರೇ 1,22,724. ಹತ್ತು ಜನರಲ್ಲಿ ಏಳಕ್ಕಿಂತ ಹೆಚ್ಚಾಯಿತು. ಕಾರಣಗಳಲ್ಲಿ ಎಲ್ಲಕ್ಕಿಂತ ಮುಂದೆ ಇರುವುದು ಮನೆತನದ ತೊಂದರೆ, ಆಮೇಲೆ ಜಡ್ಡು. ಕಟ್ಟೆ ಅವರದೇ, ಚಾದ ಅಂಗಡಿ ಅವರದೇ. ಆದರೆ ಮನೆಯ ಚಿಂತೆ ಹೇಳಿಕೊಳ್ಳಲು ಆ ಕಟ್ಟೆ ಉಪಯೋಗಕ್ಕೆ ಬರಲಿಲ್ಲ, ಅಷ್ಟೇ.

ಗಂಡಸು ಮನಸ್ಸಿನ ಬೇನೆಯನ್ನು ಮೈಯ ಬೇನೆ ಮಾಡಿ ಹೇಳುತ್ತಾನೆ. ‘ಎದಿ ಹಿಡದಂಗ ಆಗ್ತೈತ್ರಿ’, ‘ತಲಿ ಕಾದೈತಿ’, ‘ಕೈಕಾಲಾಗ ಜೀವ ಇಲ್ಲ’, ‘ಉಂಡದ್ದು ಮೈಗೆ ಹತ್ತವಲ್ದು’. ಡಾಕ್ಟರು ಬಿ.ಪಿ. ನೋಡುತ್ತಾರೆ, ಇ.ಸಿ.ಜಿ. ತೆಗೆಸುತ್ತಾರೆ, ಎಲ್ಲ ಬರೋಬರಿ ಬರುತ್ತದೆ. ಇವನಿಗೆ ಸಮಾಧಾನ ಇಲ್ಲ. ಕಡೆಗೆ ‘ಒಂದ ಸಲೈನ್ ಹಚ್ಚಿಬಿಡ್ರಿ’ ಅನ್ನುತ್ತಾನೆ. ಈ ಸಲೈನಿನ ಮೇಲೆ ನಮ್ಮ ಭಾಗದ ಗಂಡಸರಿಗಿರುವ ನಂಬಿಕೆ ನೋಡಿ, ನನಗೆ ಅದರ ಬಗ್ಗೆ ಎಷ್ಟು ಯೋಚಿಸಿದರೂ ಮುಗಿಯುವುದಿಲ್ಲ. ಒಂದು ತಾಸು ಮಂಚದ ಮೇಲೆ ಅಂಗಾತ ಮಲಗಬೇಕು. ಕೈ ಅಲುಗಿಸಬಾರದು. ಬಾಟಲಿಯಿಂದ ಒಂದೊಂದೇ ಹನಿ ಇಳಿಯುವುದನ್ನು ನೋಡುತ್ತ ಇರಬೇಕು. ಆ ಒಂದು ತಾಸು ಅವನಿಗೆ ಯಾರೂ ಕೆಲಸ ಹೇಳುವುದಿಲ್ಲ, ಸೊಸೈಟಿಯ ಬಾಕಿ ಕೇಳುವುದಿಲ್ಲ. ಹೆಂಡತಿ ಸ್ಟೂಲಿನ ಮೇಲೆ ಕೂತು ಕಾಲು ಒತ್ತುತ್ತಾಳೆ. ಮಾತು ಬಿಟ್ಟಿದ್ದ ಅಣ್ಣ ಎಳನೀರು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಎದ್ದು ಬರುವಾಗ ‘ಈಗ ಹಗರ ಆತು’ ಅನ್ನುತ್ತಾನೆ. ಉಪ್ಪುನೀರಿಗೆ ಅಷ್ಟು ಗುಣ ಎಲ್ಲಿಂದ ಬರಬೇಕು ಹೇಳಿ. ಹಗುರ ಮಾಡಿದ್ದು ಆ ತಾಸು, ಆ ಸ್ಟೂಲು, ಆ ಎಳನೀರು ಅಂತ ನನಗೆ ಅನ್ನಿಸುತ್ತದೆ. ನಿಮಗೂ ಹಾಗೇ ಅನ್ನಿಸುತ್ತೆ ಅಲ್ವಾ?

ಮೈಬೇನೆ ಆಗದಿದ್ದರೆ ಸಿಟ್ಟಾಗುತ್ತದೆ. ಮನೋವೈದ್ಯರೂ ಇದನ್ನೇ ಹೇಳುತ್ತಾರೆ. ಖಿನ್ನತೆ ಅಂದರೆ ಮೂಲೆಯಲ್ಲಿ ಮುಖ ಸಣ್ಣ ಮಾಡಿ ಕೂತಿರುತ್ತಾರೆ ಅಂತ ನಾವು ತಿಳಿದಿರುತ್ತೇವೆ. ಗಂಡಸಿನಲ್ಲಿ ಅದು ಎಷ್ಟೋ ಸಲ ಸಿಡುಕು, ಕುಡಿತ, ಗಾಡಿಯನ್ನು ಎರ್ರಾಬಿರ್ರಿ ಓಡಿಸುವುದು, ಇವುಗಳ ವೇಷದಲ್ಲಿ ಬರುತ್ತದೆ. ಹೀಗಾಗಿ ಮನೆಯವರಿಗೆ ಅದು ಜಡ್ಡು ಅಂತ ಗೊತ್ತೇ ಆಗುವುದಿಲ್ಲ, ‘ಭಾಳ ಸಿಟ್ಟಿನ ಮನಿಷ್ಯಾ’ ಅಂತ ಊರೆಲ್ಲ ಹೆಸರಾಗುತ್ತದೆ.

ಹಾಗಾದರೆ ಇವರು ಎಲ್ಲಿಯೂ ಬಾಯಿ ಬಿಡುವುದೇ ಇಲ್ಲವೇ? ಬಿಡುತ್ತಾರೆ. ಕಟಿಂಗ್ ಅಂಗಡಿಯಲ್ಲಿ.

ಅಲ್ಲಿನ ವ್ಯವಸ್ಥೆ ಒಮ್ಮೆ ಗಮನಿಸಿ ನೋಡಿ. ಇಬ್ಬರ ಮುಖವೂ ಒಂದೇ ಕಡೆಗೆ. ಕೂತವನು ಕನ್ನಡಿ ನೋಡುತ್ತಾನೆ, ಹಿಂದೆ ನಿಂತ ಅಂಗಡಿಯ ಅಣ್ಣನೂ ಕನ್ನಡಿಯಲ್ಲೇ ಇವನನ್ನು ನೋಡುತ್ತಾನೆ. ಕೊರಳಿಗೆ ಅರಿವೆ ಸುತ್ತಿದೆ, ಎರಡೂ ಕೈ ಅದರೊಳಗೆ. ಬ್ಲೇಡು ಕಿವಿಯ ಹಿಂದೆ ಬಂದಾಗ ತಲೆ ಅಲುಗಿಸುವಂತಿಲ್ಲ, ಎದ್ದು ಹೋಗುವಂತಿಲ್ಲ, ಮೊಬೈಲು ತೆಗೆಯುವಂತಿಲ್ಲ. ಕತ್ತರಿಯ ಸಪ್ಪಳದ ನಡುವೆ ಇವನು ‘ಹುಡುಗ ಮಾತ ಕೇಳವಲ್ಲ’ ಅಂತ ಶುರು ಮಾಡುತ್ತಾನೆ. ಅಣ್ಣ ‘ಹೂಂ’ ಅನ್ನುತ್ತಾನೆ. ‘ಪುಣೆದಾಗ ಕೆಲಸಾ ಬಿಟ್ಟು ಬಂದ ಕುಂತಾನ’. ‘ಹೂಂ, ಆಮ್ಯಾಲ?’ ಈ ‘ಆಮ್ಯಾಲ’ ಅನ್ನುವುದರಲ್ಲಿ ಇದೆ ನೋಡಿ ಎಲ್ಲ. ಅಣ್ಣ ಉಪದೇಶ ಮಾಡುವುದಿಲ್ಲ, ‘ನಮ್ಮ ಕಾಲದಾಗ’ ಅಂತ ತನ್ನ ಕಥೆ ಹೇಳುವುದಿಲ್ಲ. ತಲೆ ಬಗ್ಗಿಸು ಅಂದಾಗ ಇವನು ಬಗ್ಗಿಸುತ್ತಾನೆ, ಬಗ್ಗಿಸಿದ ತಲೆಯಿಂದಲೇ ಇನ್ನೂ ನಾಲ್ಕು ಮಾತು ಹೊರಬೀಳುತ್ತವೆ. ಕಡೆಗೆ ಅಣ್ಣ ನೆತ್ತಿಗೆ ಎಣ್ಣೆ ಹಾಕಿ ತಟ್ಟುತ್ತಾನೆ. ದೊಡ್ಡವನಾದ ಮೇಲೆ ಗಂಡಸಿನ ತಲೆ ಮುಟ್ಟಿ ಸವರುವವರು ಬೇರೆ ಯಾರಿದ್ದಾರೆ?

ಇಂಗ್ಲೆಂಡಿನಲ್ಲಿ ಟಾಮ್ ಚಾಪ್ಮನ್ ಅಂತ ಒಬ್ಬ ಕ್ಷೌರಿಕರು ಇದ್ದಾರೆ. ಗೆಳೆಯನೊಬ್ಬ ಆತ್ಮಹತ್ಯೆ ಮಾಡಿಕೊಂಡ ಮೇಲೆ ಅವರಿಗೆ ಇದೇ ಹೊಳೆಯಿತು. ಕುರ್ಚಿಯಲ್ಲಿ ಕೂತವರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು, ಯಾವ ಮಾತಿಗೆ ಎಚ್ಚರಾಗಬೇಕು, ಯಾವಾಗ ಡಾಕ್ಟರ ಕಡೆ ಕಳಿಸಬೇಕು ಅಂತ ಕ್ಷೌರದ ಅಂಗಡಿಯವರಿಗೆ ತರಬೇತಿ ಕೊಡುವ ಒಂದು ಬಳಗವನ್ನೇ ಕಟ್ಟಿದರು. ಅಮೆರಿಕದಲ್ಲೂ ಕರಿಯ ಸಮುದಾಯದ ಕ್ಷೌರದಂಗಡಿಗಳಲ್ಲಿ ಇಂಥ ಕೆಲಸ ನಡೆದಿದೆ. ನಮ್ಮ ಅಂಗಡಿಯ ಅಣ್ಣನಿಗೆ ಕೇಳುವ ಕಲೆ ಹುಟ್ಟಿನಿಂದಲೇ ಬಂದಿದೆ, ಉಳಿದ ಎರಡನ್ನು ಯಾರಾದರೂ ಬಂದು ಕಲಿಸಬೇಕು.

ಇದನ್ನು ಹೇಳುವಾಗ ಕುಲುಮೆ ನೆನಪಾಗುತ್ತದೆ. ಮಿರಗದ ಮಳೆಗೆ ಮುಂಚೆ ಕೂರಿಗೆ ತಾಳು, ಕುಂಟೆಯ ಕುಡ ಹೊತ್ತುಕೊಂಡು ಗಂಡಸರು ಅಲ್ಲಿಗೆ ಹೋಗುತ್ತಿದ್ದರು. ಹೋದವನಿಗೆ ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ, ತಿದಿ ಊದಲು ಹಚ್ಚುತ್ತಿದ್ದರು. ಒಬ್ಬ ತಿದಿ ಊದುವುದು, ಒಬ್ಬ ಸುತ್ತಿಗೆ ಬಡಿಯುವುದು, ಇಬ್ಬರ ಕಣ್ಣೂ ಕಾದ ಕಬ್ಬಿಣದ ಮೇಲೆ. ತಮ್ಮಂದಿರು ಪಾಲು ಕೇಳಿದ್ದು, ಮಗಳ ಗಂಡ ಕುಡಿಯುವುದು, ಇವೆಲ್ಲ ಆ ಸಪ್ಪಳದ ನಡುವೆ ಹೊರಗೆ ಬರುತ್ತಿದ್ದವು. ಸಪ್ಪಳ ಇದ್ದದ್ದರಿಂದಲೇ ಬರುತ್ತಿದ್ದವೋ ಏನೋ. ಟ್ರ್ಯಾಕ್ಟರು ಬಂತು, ಕೂರಿಗೆ ಅಟ್ಟ ಸೇರಿತು, ಕುಲುಮೆ ಆರಿತು. ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ ಗಂಡಸರಿಗಾಗಿ ಶೆಡ್ಡುಗಳನ್ನು ಕಟ್ಟುತ್ತ ಬಂದಿದ್ದಾರೆ, ಈಗ ಸಾವಿರದ ಲೆಕ್ಕದಲ್ಲಿವೆ. ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು ಅಲ್ಲಿಗೆ ಬಂದು ಮರಗೆಲಸ ಮಾಡುತ್ತಾರೆ, ಮುರಿದ ಸೈಕಲ್ಲು ರಿಪೇರಿ ಮಾಡುತ್ತಾರೆ. ಗಂಡಸು ಎದುರಾಎದುರು ಕೂತರೆ ಮಾತಾಡುವುದಿಲ್ಲ, ಹೆಗಲಿಗೆ ಹೆಗಲು ಹಚ್ಚಿ ಕೆಲಸ ಮಾಡುವಾಗ ಮಾತಾಡುತ್ತಾನೆ ಅನ್ನುವುದು ಅವರ ನಂಬಿಕೆ. ನಾವು ಆರಿಸಿದ ಕುಲುಮೆಯನ್ನು ಅವರು ಬೇರೆ ಹೆಸರಿನಲ್ಲಿ ಹಚ್ಚಿದ್ದಾರೆ ಅನ್ನಿ.

ನಡೆಯುವುದೂ ಹಾಗೆಯೇ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ವಿಜಯಪುರದ ಕಡೆಯಿಂದ ಜನ ನಡೆದು ಬರುತ್ತಾರಲ್ಲ, ಅವರ ಜೊತೆ ಒಂದು ಹರದಾರಿ ನಡೆದು ನೋಡಿ. ಮೊದಲು ಕಾಲು ನೋವಿನ ಮಾತು, ಆಮೇಲೆ ಮಳೆ-ಬೆಳೆ, ನಡು ದಾರಿ ದಾಟಿದ ಮೇಲೆ ನಿಜವಾದ ಮಾತು. ಹೊಸ ಬೋರು ಹೊಡೆದಾಗ ಮೊದಲು ಕೆಸರು, ರಾಡಿ ಎಲ್ಲ ಬಂದು ಹೋದ ಮೇಲೆಯೇ ತಿಳಿನೀರು ಬರುವುದು. ಅಷ್ಟು ಹೊತ್ತು ಕಾಯುವ ತಾಳ್ಮೆ ಕೇಳುವವನಿಗೆ ಇರಬೇಕು.

ನಡೆಯುವ ಮಾತು ಬಂತಲ್ಲ, 2022ರ ಡಿಸೆಂಬರಿನಲ್ಲಿ ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ನಡೆದದ್ದು ನೆನಪಿದೆಯೇ? ಹೆಣ್ಣು ಸಿಗದ ಗಂಡುಗಳು ತಲೆಗೆ ಬಾಶಿಂಗ ಕಟ್ಟಿಕೊಂಡು, ಕುದುರೆ ಹತ್ತಿ, ಬ್ಯಾಂಡು ಬಾರಿಸಿಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೋದದ್ದು. ಮದುಮಗ ಇದ್ದಾನೆ, ಕುದುರೆ ಇದೆ, ವಾಲಗ ಇದೆ, ಮದುಮಗಳೊಬ್ಬಳೇ ಇಲ್ಲ. ಟಿ.ವಿ.ಯಲ್ಲಿ ನೋಡಿ ಊರೆಲ್ಲ ನಕ್ಕಿತು. ಮುಂದೆ ಎರಡೇ ತಿಂಗಳಿಗೆ, 2023ರ ಫೆಬ್ರವರಿಯಲ್ಲಿ, ಮಂಡ್ಯದ ಕಡೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ದಿನಗಟ್ಟಲೆ ನಡೆದರು. ಅದಕ್ಕೂ ನಕ್ಕರು. ನಗು ಬರುವಂಥದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ಮೂವತ್ತೈದು ದಾಟಿದವನು, ಬೇರೆಯವರ ಲಗ್ನದಲ್ಲಿ ಊಟಕ್ಕೆ ಬಡಿಸುತ್ತ, ‘ನಿಂದ್ಯಾವಾಗಪಾ?’ ಅನ್ನುವುದನ್ನು ನೂರು ಬಾಯಿಂದ ಕೇಳಿದವನು, ಅದನ್ನು ತಾಯಿಗೂ ಹೇಳದೆ ನುಂಗಿದವನು, ಬಾಶಿಂಗ ಕಟ್ಟಿಕೊಂಡು ಬಜಾರಿನಲ್ಲಿ ಕುದುರೆ ಹತ್ತುತ್ತಾನೆ ಅಂದರೆ ಎಷ್ಟು ಧೈರ್ಯ ಬೇಕು! ‘ನನಗ ಒಬ್ಬಂಟಿ ಅನಸ್ತೈತಿ’ ಅನ್ನುವುದಕ್ಕಿಂತ ಕುದುರೆ ಹತ್ತುವುದೇ ಅವನಿಗೆ ಸಲೀಸಾಗಿ ಕಂಡಿತು. ಹೆಣ್ಣು ಭ್ರೂಣಗಳನ್ನು ಕೊಂದದ್ದರ ಲೆಕ್ಕ ಈಗ ಹೀಗೆ ತೀರುತ್ತಿದೆ ಅಂತ ವೈನಿ ಅಂದರು. ಅದೂ ಖರೆ. ಆ ಮೆರವಣಿಗೆಯವರೂ ಅದನ್ನೇ ಹೇಳಿದ್ದರು, ಗರ್ಭದಲ್ಲಿ ಲಿಂಗ ಪತ್ತೆ ಮಾಡುವುದನ್ನು ಗಟ್ಟಿಯಾಗಿ ತಡೆಯಿರಿ ಅಂತ.

ವೈನಿಯವರ ಇನ್ನೊಂದು ಮಾತಿಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ‘ಗಂಡಸಿನ ಮನಸ್ಸು ನೊಂದರ ಪೆಟ್ಟ ಬೀಳೂದು ಹೆಂಗಸಿನ ಬೆನ್ನಿಗೆ’ ಅಂದರು. ಅದಕ್ಕೆ ನಾನು ಹೇಳಿದ್ದು ಇದು: 1991ರಲ್ಲಿ ಮುಂಬೈಯ ಒಬ್ಬ ಪತ್ರಕರ್ತರು, ಸಿ.ವೈ. ಗೋಪಿನಾಥ್ ಅಂತ, ಪತ್ರಿಕೆಯಲ್ಲಿ ಒಂದು ಕರೆ ಹಾಕಿದರು. ಹೆಂಡತಿಯನ್ನು ಹೊಡೆಯುವುದು ತಪ್ಪು ಅನ್ನುವ ಗಂಡಸರು ಇದ್ದರೆ ಮುಂದೆ ಬನ್ನಿ ಅಂತ. 205 ಮಂದಿ ಬರೆದರು. ಅದರಿಂದ 1993ರಲ್ಲಿ ‘ಮಾವಾ’ ಅನ್ನುವ ಗಂಡಸರ ಸಂಸ್ಥೆ ಹುಟ್ಟಿತು. ಹರೀಶ್ ಸದಾನಿಯವರು ಅದನ್ನು ಇಂದಿಗೂ ನಡೆಸುತ್ತಿದ್ದಾರೆ, ಕಾಲೇಜಿನ ಹುಡುಗರ ಜೊತೆ ಕೂತು ಗಂಡಸುತನ ಅಂದರೆ ಏನು ಅಂತ ಮಾತಾಡುತ್ತಾರೆ, ದೀಪಾವಳಿಗೆ ‘ಪುರುಷ ಸ್ಪಂದನ’ ಅಂತ ಮರಾಠಿ ವಿಶೇಷಾಂಕ ತರುತ್ತಾರೆ. ಗಂಡಸರ ಜೊತೆ ಮಾತಾಡುವುದು ಹೆಂಗಸರಿಂದ ಏನನ್ನೋ ಕಸಿದುಕೊಂಡಂತೆ ಆಗಬೇಕಿಲ್ಲ ಅಂತ ಅವರನ್ನು ನೋಡಿದರೆ ತಿಳಿಯುತ್ತದೆ. ವೈನಿ ಇದಕ್ಕೆ ಮಾತ್ರ ‘ಹಂಗಾರ ಬೇಷಾತು’ ಅಂದರು.

ಕುಡಿತದ ವಿಷಯದಲ್ಲಿ ಗೋವಾದವರು ಮಾಡಿದ್ದು ನಮಗೆ ಇನ್ನೂ ಹತ್ತಿರ. ಅಲ್ಲಿಯ ‘ಸಂಗಾತ್’ ಸಂಸ್ಥೆ, ಮನೋವೈದ್ಯ ವಿಕ್ರಮ್ ಪಟೇಲರ ಬಳಗ, ಕುಡಿಯುವ ಗಂಡಸರಿಗಾಗಿಯೇ ಒಂದು ಸಮಾಲೋಚನೆ ರೂಪಿಸಿತು. ಹೇಳುವವರು ಡಾಕ್ಟರಲ್ಲ, ಅದೇ ಊರಿನ ಸಾಮಾನ್ಯ ಜನ, ತರಬೇತಿ ಪಡೆದವರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಮನೆಯಲ್ಲೋ ಹೆಚ್ಚೆಂದರೆ ನಾಲ್ಕು ಸಲ ಕೂರುವುದು. 377 ಗಂಡಸರ ಮೇಲೆ ಇದನ್ನು ಪರೀಕ್ಷಿಸಿದರು. ಮೂರು ತಿಂಗಳಿಗೆ, ಮಾಮೂಲಿ ಸಲಹೆಯಷ್ಟೇ ಸಿಕ್ಕವರಲ್ಲಿ ನೂರಕ್ಕೆ 26 ಮಂದಿ ಅಪಾಯದ ಕುಡಿತದಿಂದ ಹೊರಗೆ ಬಂದಿದ್ದರೆ, ಈ ಮಾತುಕತೆ ಸಿಕ್ಕವರಲ್ಲಿ 36 ಮಂದಿ ಬಂದಿದ್ದರು. ಅವರು ಕಲಿಸುವುದರಲ್ಲಿ ಒಂದು ಪಾಠ ನನಗೆ ಬಹಳ ಹಿಡಿಸಿತು. ಗೆಳೆಯರು ಕರೆದಾಗ ‘ಒಲ್ಲೆ’ ಅನ್ನುವುದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸುವುದು. ನಗಬೇಡಿ, ನಮ್ಮಲ್ಲಿ ‘ನನ್ನ ಮ್ಯಾಲ ಆಣಿ ಐತಿ ನೋಡ’ ಅಂತ ಗ್ಲಾಸು ಮುಂದೆ ಹಿಡಿದಾಗ ಒಲ್ಲೆ ಅನ್ನುವುದು ಎಷ್ಟು ಕಠಿಣ ಅಂತ ಕೂತವರಿಗೇ ಗೊತ್ತು. ನಮ್ಮ ತಾಲೂಕಿನಿಂದ ಕಬ್ಬು ಕಡಿಯಲು ಹೋಗುವ ಟೋಳಿಗಳನ್ನು ನೆನೆಸಿಕೊಳ್ಳಿ. ಗಂಡ-ಹೆಂಡತಿ ಸೇರಿ ಒಂದು ಕೋಯ್ತಾ. ಗುತ್ತಿಗೆಯ ಮುಕಾದಮನಿಂದ ಉಚಲ್ ಅಂತ ಮುಂಗಡ ತೆಗೆದುಕೊಂಡ ದಿನದಿಂದ ಆ ರೊಕ್ಕ ತೀರುವ ತನಕ ಗಂಡಸಿನ ಕೊರಳಿಗೆ ಅದೇ ಬಿದ್ದಿರುತ್ತದೆ. ಹೊತ್ತು ಮುಳುಗಿದ ಮೇಲೆ ಕೊಪ್ಪಿಯ, ಅಂದರೆ ಗುಡಿಸಲಿನ ಹೊರಗೆ ಬಾಟಲಿ ತೆರೆಯುತ್ತದೆ. ಆ ಹೊತ್ತಿಗೆ, ಆ ಕೊಪ್ಪಿಯ ಬಾಜೂಕ ಕೂರುವವರು ಬೇಕು, ನಮ್ಮ ಭಾಷೆ ಬಲ್ಲವರು.

ಭಾಷೆ ಅಂದೆನಲ್ಲ, ಅದು ದೊಡ್ಡ ಮಾತು. ನಮ್ಮ ಗಂಡಸರಿಗೆ ಮರಾಠಿ ಬರುತ್ತದೆ, ಚಂದಾಗಿಯೇ ಬರುತ್ತದೆ. ತಲಾಠಿಯ ಹತ್ತಿರ, ಬ್ಯಾಂಕಿನಲ್ಲಿ, ಸಾಂಗಲಿಯ ಬೇದಾಣೆ ಸವಾಲಿನಲ್ಲಿ ಎಲ್ಲ ಮರಾಠಿ. ಸಾಲದ ಅರ್ಜಿಯನ್ನು ಮರಾಠಿಯಲ್ಲಿ ತುಂಬಬಹುದು. ಆ ಸಾಲದಿಂದ ರಾತ್ರಿ ಎರಡಕ್ಕೆ ಎಚ್ಚರಾಗಿ ಜಂತಿ ನೋಡುತ್ತ ಮಲಗಿದ್ದನ್ನು ಹೇಳಬೇಕಾದರೆ ‘ಯವ್ವಾ’ ಅಂತಲೇ ಶುರುವಾಗಬೇಕು. ಸಾಂಗಲಿ ಅಥವಾ ಮಿರಜದಲ್ಲಿ ಒಳ್ಳೆಯ ಡಾಕ್ಟರಿದ್ದಾರೆ, ಅಲ್ಲಿ ಬೋರ್ಡು ಮರಾಠಿ, ಮಾತು ಮರಾಠಿ. ವಿಜಯಪುರದಲ್ಲಿ ಮಾತು ಕನ್ನಡ, ಆದರೆ ರಾಜ್ಯ ಬೇರೆ, ಕಾರ್ಡು ಬೇರೆ. ನಡುವೆ ಸಿಕ್ಕವನು ಯಾವ ಕಡೆಗೂ ಹೋಗದೆ ಮನೆಯಲ್ಲೇ ಉಳಿದರೆ ಆಶ್ಚರ್ಯವಿಲ್ಲ. ಇದಕ್ಕೊಂದು ದಾರಿ ಆಗಿದೆ, ಅದನ್ನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಅಂತ ಕೇಂದ್ರ ಸರ್ಕಾರದ ಫೋನ್ ಸೇವೆ ಶುರುವಾಯಿತು. ನಂಬರು 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಭಾಷೆ ಆರಿಸಿಕೊಳ್ಳಬಹುದು, ಅದರಲ್ಲಿ ಕನ್ನಡವೂ ಇದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸಿನವರ ಮಾರ್ಗದರ್ಶನದಲ್ಲಿ ನಡೆಯುವ ಸೇವೆ. ಗಡಿ ರಸ್ತೆಗೆ ಇದೆ, ಫೋನಿಗೆ ಇಲ್ಲ. ಹೊಲದ ಬದುವಿನ ಮೇಲೆ ಕೂತು, ಯಾರ ಮುಖವನ್ನೂ ನೋಡದೆ, ದೂರದ ದನಗಳನ್ನು ನೋಡುತ್ತ ಮಾತಾಡಬಹುದು. ಗಂಡಸಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಇನ್ನೇನು ಬೇಕು, ಅಲ್ವಾ?

‘ಪೊಲೀಸ್ರು ಬಂದ್ರ?’ ಅಂತ ಕೇಳುವವರಿದ್ದಾರೆ. ಜೀವ ಬೇಡ ಅನಿಸಿತ್ತು ಅಂತ ಬಾಯಿಬಿಟ್ಟರೆ ಕೇಸು ಬೀಳುತ್ತದೆ ಅನ್ನುವ ಅಂಜಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಜೀವ ಕಳೆದುಕೊಳ್ಳಲು ಹೋಗಿದ್ದವನಿಗೂ ತೀವ್ರ ಒತ್ತಡದಲ್ಲಿದ್ದ ಅಂತಲೇ ತಿಳಿದು ಆರೈಕೆ ಕೊಡಬೇಕು, ಶಿಕ್ಷೆ ಕೊಡುವಂತಿಲ್ಲ. ಇದನ್ನು ಗ್ರಾಮಸಭೆಯಲ್ಲಿ ಒಮ್ಮೆ ಜೋರಾಗಿ ಓದಿ ಹೇಳಬೇಕು.

ಭಜನೆ ಇದೆಯಲ್ಲ, ಬೇರೆ ಏನು ಬೇಕು ಅನ್ನುವ ಹಿರಿಯರೂ ಇದ್ದಾರೆ. ಅವರ ಮಾತು ನಾನು ತಳ್ಳಿಹಾಕುವುದಿಲ್ಲ. ನಮ್ಮ ತಾಲೂಕಿನ ಉಮದಿಯವರೇ ಭಾವೂಸಾಹೇಬ ಮಹಾರಾಜರು, ಇಂಚಗೇರಿ ಸಂಪ್ರದಾಯ ಕಟ್ಟಿದವರು. ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗುರುದೇವ ರಾನಡೆಯವರು ಅವರ ಶಿಷ್ಯರು. ಕನ್ನಡ ಪದ, ಮರಾಠಿ ದಾಸಬೋಧ ಎರಡನ್ನೂ ಒಂದೇ ಕೂಟದಲ್ಲಿ ಓದುವ, ಹಾಡುವ ರೂಢಿ ಅದು. ಅಮಾವಾಸ್ಯೆಯ ರಾತ್ರಿ ತಾಳ ಹಿಡಿದ ಗಂಡಸು ಎರಡನೆಯ ಪದಕ್ಕೇ ಕಣ್ಣು ಒರೆಸಿಕೊಳ್ಳುತ್ತಾನೆ, ಯಾರೂ ಯಾಕೆ ಅಂತ ಕೇಳುವುದಿಲ್ಲ. ಊರಿನಲ್ಲಿ ಗಂಡಸು ಎಲ್ಲರ ಎದುರು ಅತ್ತರೂ ನಡೆಯುವ ಜಾಗ ಅದೊಂದೇ. ಆದರೆ ನಿಜವಾದ ಖಿನ್ನತೆ ಹಿಡಿದವನು ಭಜನೆಗೆ ಎದ್ದು ಹೋಗುವ ಶಕ್ತಿಯನ್ನೇ ಕಳೆದುಕೊಂಡಿರುತ್ತಾನೆ. ಅವನಿಗೆ ಗುಳಿಗೆ ಬೇಕು, ಡಾಕ್ಟರು ಬೇಕು. ಸಕ್ಕರೆ ಕಾಯಿಲೆಗೆ ತಾಳ ಬಾರಿಸಿ ಸುಮ್ಮನಿರುತ್ತೇವೆಯೇ?

ಡಾಕ್ಟರು ದೂರ ಇದ್ದಾರೆ ಅನ್ನಬೇಡಿ, ಮನಸ್ಸಿನ ಔಷಧವನ್ನು ಊರ ದವಾಖಾನೆಗೆ ತರುವುದರಲ್ಲಿ ಕನ್ನಡ ನಾಡೂ ಮುಂದಿತ್ತು. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ಡಾಕ್ಟರಿಗೇ ತರಬೇತಿ ಕೊಟ್ಟು, ಮನೋರೋಗದ ಗುಳಿಗೆ ಅಲ್ಲೇ ಸಿಗುವ ಹಾಗೆ ಮಾಡಿ ನೋಡಿದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಬರೆದು ತಿಳಿಸುವುದರಲ್ಲೂ ನಮ್ಮವರು ಹಿಂದೆ ಬಿದ್ದಿಲ್ಲ. 1942ರಲ್ಲಿ ‘ಕೊರವಂಜಿ’ ಅಂತ ನಗೆಪತ್ರಿಕೆ ಶುರು ಮಾಡಿದ ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ, ಮನಸ್ಸಿನ ಶಾಸ್ತ್ರದ ಮೇಲೆ ‘ಮನಮಂಥನ’ ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕಾದಂಬರಿ, ಕಾವ್ಯಗಳ ಸಾಲಿನಲ್ಲಿ ಮನೋವಿಜ್ಞಾನದ ಕನ್ನಡ ಪುಸ್ತಕ! ನಗಿಸುವವನೇ ಮನಸ್ಸಿನ ಬೇನೆಯ ಮಾತನ್ನೂ ಹೇಳಿದ ಅನ್ನುವುದು ನನಗೆ ತುಂಬಾ ಸರಿ ಅನ್ನಿಸುತ್ತದೆ. ನಿಮ್ಹಾನ್ಸಿನಲ್ಲಿದ್ದ ಸಿ.ಆರ್. ಚಂದ್ರಶೇಖರ್ ಅವರಂತೂ ಹಳ್ಳಿಯವನಿಗೂ ತಿಳಿಯುವ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದಿದ್ದಾರೆ.

ಹುಡುಗರು ಪುಸ್ತಕ ಎಲ್ಲಿ ಓದುತ್ತಾರೆ, ರೀಲ್ಸ್ ನೋಡುತ್ತಾರೆ. ಅದರಲ್ಲಿ ತೋಳು ಉಬ್ಬಿಸಿಕೊಂಡವನೊಬ್ಬ ಕಾರಿನ ಮುಂದೆ ನಿಂತು, ಅಳಬೇಡ, ಯಾರನ್ನೂ ನಂಬಬೇಡ, ರೊಕ್ಕ ಮಾಡು, ಗಂಡಸಾಗು ಅಂತ ಒದರುತ್ತಿರುತ್ತಾನೆ. ಕೋಚ್ ಅಂತ ಹೆಸರು, ಕೋರ್ಸಿಗೆ ಫೀಸು ಬೇರೆ. ನನಗೆ ಇವರ ಮೇಲೆ ಸಿಟ್ಟಿದೆ. ಸಮಾಲೋಚಕರಾಗಲು ಓದಿರಬೇಕು, ಮನೋವೈದ್ಯರಾಗಲು ಡಾಕ್ಟರಾಗಿರಬೇಕು. ಕೋಚ್ ಅಂತ ಬೋರ್ಡು ಹಾಕಲು ಏನೂ ಬೇಕಿಲ್ಲ. ಒಳ್ಳೆಯ ಕೋಚುಗಳೂ ಇದ್ದಾರೆ, ಕೆಲಸ ಹಿಡಿಯುವ, ದಿನಚರಿ ಹಾಕಿಕೊಳ್ಳುವ ವಿಷಯದಲ್ಲಿ ಹುಡುಗರಿಗೆ ಉಪಯೋಗವಾದದ್ದೂ ಇದೆ. ಆದರೆ ಅಪ್ಪ ಅಳಬೇಡ ಅಂದ, ಮಾಸ್ತರ ಅಳಬೇಡ ಅಂದ, ಈಗ ದುಡ್ಡು ಕೊಟ್ಟು ಮತ್ತೊಮ್ಮೆ ಅದನ್ನೇ ಕೇಳಬೇಕೇ?

ನಾನು ಅಂದುಕೊಂಡಿರುವುದು ಇಷ್ಟು. ಊರಲ್ಲಿ ಆಶಾ ತಾಯಿ ಇದ್ದಾರೆ, ಅವರು ಬಾಣಂತಿ, ಕೂಸು ಅಂತ ಮನೆಮನೆ ತಿರುಗುತ್ತಾರೆ. ಗಂಡಸು ಅವರ ಹತ್ತಿರ ಮನಸ್ಸು ಬಿಚ್ಚುವುದು ಕಷ್ಟ. ಅದಕ್ಕೇ ಗಂಡಸರ ನಡುವೆ ಇರುವ ಇಬ್ಬರು ಮೂವರಿಗೆ ತರಬೇತಿ ಕೊಡಿಸಬೇಕು. ಕಟಿಂಗ್ ಅಂಗಡಿಯ ಅಣ್ಣ ಒಬ್ಬ. ಇನ್ನೊಬ್ಬ ಹಾಲಿನ ಡೇರಿಯವನು. ಅವನಿಗೆ ಊರಿನ ಎಲ್ಲ ಮನೆಯ ಹಾಲಿನ ಫ್ಯಾಟು ಗೊತ್ತು, ಯಾರ ಕ್ಯಾನು ಎರಡು ದಿನದಿಂದ ಬಂದಿಲ್ಲ ಅನ್ನುವುದೂ ಗೊತ್ತು. ಯಾರು ಎಮ್ಮೆ ಮಾರಿದರು, ಯಾರು ರೊಕ್ಕ ಮುಂಗಡ ಕೇಳಿದರು ಅನ್ನುವುದು ಹೆಂಡತಿಗಿಂತ ಮೊದಲೇ ಅವನಿಗೆ ತಿಳಿಯುತ್ತದೆ. ‘ಯಾಕೋ ತಮ್ಮಾ, ಎರಡ ದಿನ ಕಾಣಲಿಲ್ಲ’ ಅಂತ ಅವನು ಮನೆಗೆ ಹೋಗಿ ಬಾಜೂಕ ಕೂತರೆ ಸಾಕು, ಅಲ್ಲಿಂದ ಮುಂದೆ ತರಬೇತಿ ಕೆಲಸ ಮಾಡುತ್ತದೆ.

ತರಬೇತಿ ಬರುವುದು ಬಂದಾಗ ಬರಲಿ. 14416 ಅಂತ ದಪ್ಪ ಅಕ್ಷರದಲ್ಲಿ ಬರೆದ ಚೀಟಿಯನ್ನು ಕನ್ನಡಿಯ ಪಕ್ಕ ಅಂಟಿಸಲು ಅಂಗಡಿಯ ಅಣ್ಣ ಒಪ್ಪಿದ್ದಾನೆ. ‘ಹುಚ್ಚ, ಗಿಚ್ಚ ಅಂತ ಏನೂ ಬರೀಬ್ಯಾಡ್ರಿ, ಗಿರಾಕಿ ಓಡಿ ಹೋಗ್ತಾವ’ ಅಂದ. ‘ನಿದ್ದಿ ಹತ್ತವಲ್ದ? ಎದಿ ಭಾರ ಆಗೇತಿ? ಫೋನ್ ಹಚ್ಚ್ರಿ, ಕನ್ನಡದಾಗ ಮಾತಾಡ್ರಿ’ ಅಂತ ಬರೆಯೋಣ ಅಂದೆ. ಅದಕ್ಕೆ ಹೂಂ ಅಂದ. ಕೆಳಗೆ ಮರಾಠಿಯಲ್ಲೂ ಬರೆಸಬೇಕು ಅಂತ ಅವನದೇ ಸೂಚನೆ. ಅಂಗಡಿಗೆ ಎಲ್ಲರೂ ಬರುತ್ತಾರಲ್ಲ.